ಬ್ಯಾಡ ಅಂದ ಕಂಪನಿಗೇ ಮತ್ತೆ ಅರ್ಜಿ: ಎರಡನೇ ಸಲ ಹೋಗುವವರಿಗೆ

“ಬ್ಯಾಡ ಅಂದ ಮನಿಗಿ ಮತ್ತ್ಯಾಕ ಹೋಗ್ತಿಯಪಾ?” ಕಲಬುರಗಿ ಜಿಲ್ಲೆಯ ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯೊಂದಕ್ಕೆ ಎರಡನೇ ಸಲ ಅರ್ಜಿ ಹಾಕಲು ಹೊರಟಾಗ ನಮ್ಮ ಓಣಿಯ ಹಿರಿಯರೊಬ್ಬರು ನನ್ನನ್ನು ತಡೆದು ಕೇಳಿದ ಮಾತು. ಹೆಣ್ಣು ಕೊಡುವುದಿಲ್ಲ ಅಂದ ಮನೆಗೆ ಮತ್ತೆ ಹೋದರೆ ಮರ್ಯಾದೆ ಹೋಗುತ್ತದೆ, ಒಪ್ಪಿದೆ. ನೌಕರಿಯ ಲೆಕ್ಕ ಬೇರೆ. ಬೇಡ ಅಂದವರಿಗೆ ವಾರ ಕಳೆದರೆ ನಿಮ್ಮ ಮುಖ ನೆನಪಿರುವುದಿಲ್ಲ. ನೆನಪಿಡುವುದು ಅವರ ಕಂಪ್ಯೂಟರ್. ಹಳೆಯ ಅರ್ಜಿ ಅದರೊಳಗೆ ಇದೆ, ಹೊಸದು ಹೋಗಿ ಅದರ ಪಕ್ಕ ಕೂಡುತ್ತದೆ. ಎರಡೂ ಒಂದೇ ಥರ ಇದ್ದರೆ ಉತ್ತರವೂ ಒಂದೇ ಥರ ಬರುತ್ತದೆ.

ಈಗ ನಾನು ಇಂಟರ್‌ವ್ಯೂ ಮೇಜಿನ ಆ ಕಡೆ ಕೂಡುತ್ತೇನೆ, ಟೆಕ್ನಿಕಲ್ ಪ್ರಶ್ನೆ ಕೇಳುವ ಕುರ್ಚಿಯಲ್ಲಿ. ಎರಡನೇ ಸಲ ಬಂದವರಲ್ಲಿ ನಾನು ಹುಡುಕುವುದು ಒಂದನ್ನೇ: ಹೋದ ಸಲಕ್ಕೂ ಈ ಸಲಕ್ಕೂ ನಡುವೆ ಏನು ಬದಲಾಗಿದೆ? ಅದನ್ನು ಒಂದೇ ಸಾಲಿನಲ್ಲಿ ಹೇಳಲು ಬಂದರೆ ಅರ್ಜಿ ಹಾಕಿ. ಬಾರದಿದ್ದರೆ ಇನ್ನೂ ಸ್ವಲ್ಪ ದಿನ ತಡೆಯಿರಿ.

ಮೊದಲು, ಎಲ್ಲಿ ಬಿದ್ದಿರಿ ನೋಡಿಕೊಳ್ಳಿ

“ರಿಜೆಕ್ಟ್ ಆಯ್ತು” ಅಂತ ಎಲ್ಲರೂ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆದರೆ ಫೋನೇ ಬಾರದವನದೂ ಕೊನೆಯ ಸುತ್ತಿನವರೆಗೆ ಹೋಗಿ ಬಂದವಳದೂ ಒಂದೇ ಸಂಗತಿ ಅಲ್ಲ.

ಕರೆಯೇ ಬರಲಿಲ್ಲ ಅಂದರೆ ದೋಷ ಕಾಗದದಲ್ಲಿದೆ. ನಮ್ಮ ಕಡೆ ಹೆಚ್ಚು ನಡೆಯುವುದು ಎರಡು ತಪ್ಪು. ಐಟಿಐ ಕೇಳಿದ ಹುದ್ದೆಗೆ ಬಿಇ ಮುಗಿಸಿದವರು ಹಾಕುತ್ತಾರೆ; ಆರು ತಿಂಗಳಲ್ಲಿ ಬಿಟ್ಟು ಹೋಗುತ್ತಾರೆ ಅಂತ ಎಚ್‌ಆರ್‌ನವರು ಆ ಅರ್ಜಿಯನ್ನು ಬದಿಗಿಡುತ್ತಾರೆ. ಇಲ್ಲವೇ ಒಂದೇ ರೆಸ್ಯೂಮೆಯನ್ನು ಸ್ಟೋರ್, ಲ್ಯಾಬ್, ಎಲೆಕ್ಟ್ರಿಕಲ್, ಸೆಕ್ಯುರಿಟಿ ಅಂತ ಎಲ್ಲ ಹುದ್ದೆಗೂ ಒತ್ತಿಬಿಟ್ಟಿರುತ್ತಾರೆ. ಹಾಗೆ ಮಾಡಿದವರು ಅದೇ ಕಾಗದವನ್ನು ಮತ್ತೆ ಕಳಿಸಿ ಫಲವಿಲ್ಲ.

ಲಿಖಿತ ಪರೀಕ್ಷೆಯಲ್ಲಿ ಹೋಯಿತೋ, ಅದು ಓದಿನ ವಿಷಯ. ಮಾತಾಡುವುದಕ್ಕೇನೂ ಇಲ್ಲ.

ಮೆಡಿಕಲ್‌ನಲ್ಲಿ ಬಿದ್ದವರು ಮಾತ್ರ ಸುಮ್ಮನೆ ಎದೆಗುಂದುತ್ತಾರೆ. ದೊಡ್ಡ ಕಾರ್ಖಾನೆಗಳಲ್ಲಿ ಸೇರುವ ಮುಂಚೆ ಕಣ್ಣು, ಕಿವಿ, ಬಿಪಿ, ಸಕ್ಕರೆ, ರಕ್ತ, ಶ್ವಾಸಕೋಶ ಎಲ್ಲ ನೋಡುತ್ತಾರೆ. ಯಾವುದರಲ್ಲಿ ‘ಅನ್‌ಫಿಟ್’ ಆಯಿತು ಅಂತ ಕೇಳಿ ತಿಳಿದುಕೊಳ್ಳಿ. ಹಿಮೋಗ್ಲೋಬಿನ್ ಕಡಿಮೆ, ಬಿಪಿ ಹೆಚ್ಚು ಅಂತಾದರೆ ಚಿಕಿತ್ಸೆ ತೊಗೊಂಡು ಹೊಸ ರಿಪೋರ್ಟ್ ಹಿಡಿದು ಹೋಗಬಹುದು. ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ಹೋಗಿದ್ದರೆ ಎಲೆಕ್ಟ್ರಿಷಿಯನ್ ಹುದ್ದೆಗೆ ಮತ್ತೆ ಮತ್ತೆ ಹಾಕುವುದು ವ್ಯರ್ಥ. ಹುಟ್ಟಿನಿಂದ ಬಂದ ಬಣ್ಣಗುರುಡು ಆರು ತಿಂಗಳಲ್ಲಿ ಬದಲಾಗುವುದಿಲ್ಲ, ವೈರಿನ ಕೆಂಪು ಹಸಿರು ಗೊತ್ತಾಗದವನನ್ನು ಕರೆಂಟ್ ಪ್ಯಾನೆಲ್ ಮುಂದೆ ಯಾರೂ ನಿಲ್ಲಿಸುವುದಿಲ್ಲ. ಅದೇ ಕಂಪನಿಯ ಸ್ಟೋರ್‌ಗೆ, ಪ್ಲಾನಿಂಗ್‌ಗೆ ಹಾಕಿ.

ವೇಟಿಂಗ್ ಲಿಸ್ಟ್‌ನಲ್ಲಿದ್ದವರು, ಆಯ್ಕೆಯಾದ ಮೇಲೆ ಹುದ್ದೆಯೇ ರದ್ದಾದವರು ಅರ್ಧ ದಾರಿ ಆಗಲೇ ನಡೆದಿದ್ದಾರೆ, ಹಾಗಂತ ತಿಳಿಸಿದ ಇಮೇಲ್ ಅಳಿಸಬೇಡಿ. ಆಫರ್ ಲೆಟರ್ ಬಂದರೂ ಹೇಳದೆ ಕೇಳದೆ ಸೇರದೇ ಉಳಿದವರಿಗೆ ದಾರಿ ಕಠಿಣ. ಕಂಪನಿಯವರು ಫೇಲಾದವನನ್ನು ಮರೆಯುತ್ತಾರೆ, ಕೈಕೊಟ್ಟವನನ್ನು ಮರೆಯುವುದಿಲ್ಲ. ಅಂಥವರು ಮೊದಲ ಸಾಲಿನಲ್ಲೇ ಕಾರಣ ಹೇಳಿ ತಪ್ಪಾಯಿತು ಅನ್ನಬೇಕು.

ಪ್ರಶ್ನೆಗಳನ್ನು ಅದೇ ದಿನ ಬರೆದಿಡಿ

ಇಂಟರ್‌ವ್ಯೂನಲ್ಲಿ ಬಿದ್ದವರಿಗೆ ಇದು. ನಾನೂ ಬಿದ್ದದ್ದು ಇಲ್ಲೇ, ಕಾರ್ಖಾನೆಯ ಅಳತೆಯ ಉಪಕರಣ ನೋಡಿಕೊಳ್ಳುವ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಹುದ್ದೆಗೆ.

ಟ್ಯಾಂಕಿನಲ್ಲಿ ಎಷ್ಟಿದೆ ಎಂಬಂಥ ಅಳತೆಯನ್ನು ವೈರಿನಲ್ಲಿ ಸಣ್ಣ ಕರೆಂಟಾಗಿ ಕಂಟ್ರೋಲ್ ರೂಮಿಗೆ ಕಳಿಸುತ್ತಾರೆ: ಖಾಲಿಗೆ ನಾಲ್ಕು ಮಿಲಿಆಂಪ್, ತುಂಬಿದ್ದಕ್ಕೆ ಇಪ್ಪತ್ತು. ದಪ್ಪ ಕನ್ನಡಕದವರೊಬ್ಬರು ಕೇಳಿದರು: “ನಾಲ್ಕರಿಂದ ಇಪ್ಪತ್ತು ಮಿಲಿಆಂಪ್ ಸಿಗ್ನಲ್. ಎಂಟು ಮಿಲಿಆಂಪ್ ಬರ್ತಾ ಇದೆ. ಎಷ್ಟು ಪರ್ಸೆಂಟ್?” ನಾನು ಯೋಚಿಸದೆ ಐವತ್ತು ಅಂದೆ. ಇಪ್ಪತ್ತರಲ್ಲಿ ನಾಲ್ಕು ಹೋದರೆ ಹದಿನಾರು, ಹದಿನಾರರ ಅರ್ಧ ಎಂಟು, ಅಲ್ಲವೇ? ಅಲ್ಲ. ಎಂಟರಲ್ಲೂ ಮೊದಲ ನಾಲ್ಕನ್ನು ಕಳೆಯಬೇಕು. ಉಳಿಯುವುದು ನಾಲ್ಕು, ಹದಿನಾರಕ್ಕೆ ಅದು ಇಪ್ಪತ್ತೈದು ಪರ್ಸೆಂಟ್. ಆಮೇಲೆ ಅವರು, “ಸೊನ್ನೆಯಿಂದ ಶುರು ಮಾಡದೆ ನಾಲ್ಕರಿಂದ ಯಾಕೆ ಶುರು ಮಾಡ್ತಾರೆ?” ಅಂದರು. ಬಾಯಿ ಒಣಗಿತು. ಉತ್ತರ ಸಣ್ಣದು. ವೈರ್ ತುಂಡಾದರೆ ಸೊನ್ನೆ ಬರುತ್ತದೆ. ಟ್ಯಾಂಕ್ ಖಾಲಿ ಇದ್ದರೆ ನಾಲ್ಕು ಬರುತ್ತದೆ. ಟ್ಯಾಂಕ್ ಖಾಲಿಯೋ, ವೈರ್ ಕಡಿದಿದೆಯೋ ಅಂತ ಕಂಟ್ರೋಲ್ ರೂಮಿನಲ್ಲಿ ಕೂತವನಿಗೆ ಗೊತ್ತಾಗಲಿ ಅಂತ ಈ ಏರ್ಪಾಡು.

ಹೊರಗೆ ಬಂದು ಕಲಬುರಗಿ ಬಸ್ ಹತ್ತಿದೆ. ನೆನಪಿದ್ದ ಒಂಬತ್ತು ಪ್ರಶ್ನೆಗಳನ್ನು ಕಾಲ್ ಲೆಟರಿನ ಹಿಂಭಾಗದಲ್ಲಿ ಬರೆದೆ. ಬಸ್ಸಿನ ಕುಲುಕಾಟಕ್ಕೆ ಅಕ್ಷರವೆಲ್ಲ ಇರುವೆ ಸಾಲಿನ ಹಾಗೆ. ಗೊತ್ತಿದ್ದ ಪ್ರಶ್ನೆಗೆ ಸರಿ ಗುರುತು, ತಡವರಿಸಿದ್ದಕ್ಕೆ ಅಡ್ಡಗೆರೆ, ಗೊತ್ತೇ ಇಲ್ಲದ್ದಕ್ಕೆ ಸೊನ್ನೆ. ನಾಲ್ಕು ಸೊನ್ನೆ ಇದ್ದವು. ಮುಂದಿನ ಎಂಟು ತಿಂಗಳ ಸಿಲಬಸ್ ಆ ನಾಲ್ಕು ಸೊನ್ನೆಗಳೇ. ಮರುದಿನ ಬರೆಯೋಣ ಅಂದರೆ ನೆನಪಿಗೆ ಬರುವುದು ಅವಮಾನ ಮಾತ್ರ, ಪ್ರಶ್ನೆ ಬರುವುದಿಲ್ಲ.

ಕಾರಣ ಕೇಳಿ, ಜಗಳ ಆಡಬೇಡಿ

ಫಲಿತಾಂಶ ಬಂದ ಒಂದು ವಾರದೊಳಗೆ ಒಂದು ಇಮೇಲ್, ಉತ್ತರ ಬಾರದಿದ್ದರೆ ಒಂದು ಫೋನ್. ಅಲ್ಲಿಗೆ ಸಾಕು. “ನನ್ನನ್ನು ಯಾಕೆ ತೊಗೊಳ್ಳಲಿಲ್ಲ?” ಅಂತ ಕೇಳಿದರೆ ಆ ಕಡೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. “ಮುಂದಿನ ಸಲಕ್ಕೆ ನಾನು ಯಾವುದೊಂದನ್ನು ಸರಿ ಮಾಡಿಕೊಂಡು ಬರಲಿ ಸರ್?” ಅಂದರೆ ಹತ್ತರಲ್ಲಿ ಇಬ್ಬರು ಮೂವರಾದರೂ ಬಾಯಿ ಬಿಡುತ್ತಾರೆ. ಸೋಮವಾರ ಬೆಳಿಗ್ಗೆ ಫೋನ್ ಮಾಡಬೇಡಿ. ಆ ಹೊತ್ತಿಗೆ ಗೇಟಿನಲ್ಲಿ ಜನ, ರಜೆ ಹಾಕಿದವರ ಲೆಕ್ಕ, ಕಂಟ್ರಾಕ್ಟರ್‌ಗಳ ಗದ್ದಲ ಎಲ್ಲ ಒಟ್ಟಿಗೆ ಇರುತ್ತದೆ. ಮಧ್ಯಾಹ್ನ ಊಟ ಆದ ಮೇಲೆ, ಮೂರರ ಸುಮಾರಿಗೆ ಮಾಡಿ.

ಎಷ್ಟೋ ಕಂಪನಿಗಳು ಉತ್ತರವನ್ನೇ ಕೊಡುವುದಿಲ್ಲ. ಆಗ ಕಾಲ್ ಲೆಟರ್ ಹಿಂದಿನ ಸೊನ್ನೆಗಳೇ ಉತ್ತರ ಅಂದುಕೊಳ್ಳಿ.

ಯಾವಾಗ ಹಾಕಬೇಕು

ದೊಡ್ಡ ಕಂಪನಿಗಳಲ್ಲಿ ‘ಕೂಲಿಂಗ್ ಪೀರಿಯಡ್’ ಅಂತ ಒಂದಿದೆ. ಒಮ್ಮೆ ತಿರಸ್ಕೃತರಾದರೆ ಮೂರು ತಿಂಗಳೋ ಆರು ತಿಂಗಳೋ ವರ್ಷವೋ ಮತ್ತೆ ಹಾಕುವಂತಿಲ್ಲ. ಹೈದರಾಬಾದ್, ಪುಣೆ, ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇದು ಮಾಮೂಲು, ಅವಧಿ ಮುಗಿಯುವ ಮುಂಚೆ ಹಾಕಿದ ಅರ್ಜಿಯನ್ನು ಮನುಷ್ಯರು ನೋಡುವ ಮೊದಲೇ ಸಾಫ್ಟ್‌ವೇರ್ ತಳ್ಳಿಬಿಡಬಹುದು. ಜಾಹೀರಾತಿನಲ್ಲಿ ಅಥವಾ ಕಂಪನಿಯ ಕರಿಯರ್ಸ್ ಪುಟದಲ್ಲಿ ಬರೆದಿರಬಹುದು, ಓದಿ. ಬೇರೆ ಹುದ್ದೆಗೆ ಈ ನಿಯಮ ಅನ್ವಯಿಸುತ್ತದೋ ಇಲ್ಲವೋ ಅದನ್ನೂ ನೋಡಿ.

ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗಳ ಕೆಲಸಕ್ಕೆ ಇನ್ನೊಂದು ಪಂಚಾಂಗ ಇದೆ, ಅದನ್ನು ಯಾವ ಪೋರ್ಟಲ್ಲೂ ಹೇಳುವುದಿಲ್ಲ. ಸಕ್ಕರೆ ಕಾರ್ಖಾನೆಗಳು ಅಕ್ಟೋಬರ್-ನವೆಂಬರ್ ಸುಮಾರಿಗೆ ಕಬ್ಬು ನುರಿಸಲು ಶುರು ಮಾಡುತ್ತವೆ. ಆಳಂದ, ಅಫಜಲಪುರ, ಬೀದರ್ ಕಡೆ ಹೋಗುವವರು ದಸರೆಗೆ ಮುಂಚೆಯೇ ಅರ್ಜಿ ಮುಟ್ಟಿಸಿರಬೇಕು. ತೊಗರಿ ರಾಶಿ ಡಿಸೆಂಬರ್-ಜನವರಿಗೆ, ಆಗ ದಾಲ್ ಮಿಲ್‌ಗಳಿಗೆ ಕೈ ಸಾಲುವುದಿಲ್ಲ. ಸಿಮೆಂಟಿನವರು ಕಿಲ್ನ್ (ಸುಣ್ಣದಕಲ್ಲು ಸುಡುವ ದೊಡ್ಡ ಕುಲುಮೆ) ನಿಲ್ಲಿಸಿ ಒಳಗಿನ ಇಟ್ಟಿಗೆ ಬದಲಿಸುವ ಶಟ್‌ಡೌನನ್ನು ಹೆಚ್ಚಾಗಿ ಮಳೆಗಾಲದಲ್ಲಿ ಇಟ್ಟುಕೊಳ್ಳುತ್ತಾರೆ, ಆಗ ಸಿಮೆಂಟಿಗೆ ಗಿರಾಕಿ ಕಡಿಮೆ. ಆ ವಾರಗಳಲ್ಲಿ ಹೊರಗಿನ ಕೈಗಳು ಬೇಕೇ ಬೇಕು. ಆದರೆ ಎಚ್‌ಆರ್‌ಗಾಗಲಿ ಎಂಜಿನಿಯರ್‌ಗಳಿಗಾಗಲಿ ನಿಮ್ಮ ಫೋನ್ ಎತ್ತಲು ಪುರುಸೊತ್ತು ಇರುವುದಿಲ್ಲ, ಕಾಯಂ ಹುದ್ದೆಯ ಮಾತು ಆಗ ಎತ್ತಬೇಡಿ. ಖಾಸಗಿ ಶಾಲೆಗಳ ಶಿಕ್ಷಕ ಹುದ್ದೆಗೆ ಏಪ್ರಿಲ್-ಮೇ. ಹುಮನಾಬಾದ್, ಕಡೇಚೂರು ಕಡೆಯ ಔಷಧ ಮತ್ತು ಕೆಮಿಕಲ್ ಕಾರ್ಖಾನೆಗಳಿಗೆ ಹೀಗೆ ಸೀಸನ್ ಇಲ್ಲ, ಬಿಟ್ಟು ಹೋದವರ ಜಾಗಕ್ಕೆ ವರ್ಷವಿಡೀ ಕರೆಯುತ್ತಲೇ ಇರುತ್ತಾರೆ.

ನಡುವಿನ ತಿಂಗಳುಗಳಲ್ಲಿ ಏನು ಮಾಡಿದಿರಿ?

ನಾನು ಆ ಎಂಟು ತಿಂಗಳು ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್‌ನಲ್ಲಿ ದುಡಿದೆ. ಡಿಪ್ಲೊಮಾ ಓದಿ ಬೇಳೆ ಮಿಲ್ಲಿಗಾ ಅಂತ ಮನೆಯಲ್ಲಿ ಮುಖ ಸಿಂಡರಿಸಿದರು. ಅಲ್ಲಿ ಒಂದು ಕಲರ್ ಸಾರ್ಟರ್ ಮಷಿನ್ ಇತ್ತು. ಬೇಳೆ ಮೇಲಿನಿಂದ ಜಾರುತ್ತಾ ಬರುವಾಗ ಕ್ಯಾಮೆರಾ ಒಂದೊಂದು ಕಾಳನ್ನೂ ನೋಡುತ್ತದೆ, ಕಪ್ಪು ಕಾಳು ಕಂಡ ಕೂಡಲೇ ಸಣ್ಣ ವಾಲ್ವ್ ಒಂದು ಗಾಳಿ ಊದಿ ಅದನ್ನು ಆಚೆ ಹಾರಿಸುತ್ತದೆ. ಚಿಟ್ ಚಿಟ್ ಚಿಟ್ ಅಂತ ದಿನವಿಡೀ ಆ ಸದ್ದು. ಒಂದು ದಿನ ಒಳ್ಳೆಯ ಬೇಳೆಯೂ ಹೊರಗೆ ಹಾರತೊಡಗಿತು. ಕ್ಯಾಮೆರಾ ಕೆಟ್ಟಿದೆ ಅಂದರು ಎಲ್ಲರೂ. ನೋಡಿದರೆ ಗಾಜಿನ ಮೇಲೆ ಬೇಳೆಯ ಧೂಳು ಕೂತಿತ್ತು, ಅದನ್ನು ಒರೆಸುವ ವೈಪರ್‌ಗೆ ಹೋಗುವ ಗಾಳಿಯ ಪೈಪ್ ಬಿಚ್ಚಿಕೊಂಡಿತ್ತು. ಇಂಥ ಇಪ್ಪತ್ತು ಸಂಗತಿಗಳನ್ನು ತಾರೀಖಿನ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ: ಏನು ಕೆಟ್ಟಿತು, ಏನು ನೋಡಿದೆ, ಏನು ಮಾಡಿದೆ, ಎಷ್ಟು ಹೊತ್ತು ಮಿಲ್ ನಿಂತಿತು. ಎರಡನೇ ಇಂಟರ್‌ವ್ಯೂಗೆ ನಾನು ಒಯ್ದ ಅಸ್ತ್ರ ಆ ನೋಟ್‌ಬುಕ್ಕೇ.

ಸಣ್ಣ ಕೆಲಸ ಅಂತ ರೆಸ್ಯೂಮೆಯಿಂದ ಅದನ್ನು ಬಿಡುವವರಿದ್ದಾರೆ. ಬಿಡಬೇಡಿ. ಮನೆಯಲ್ಲಿ ಕೂತ ಎಂಟು ತಿಂಗಳಿಗಿಂತ ಮಿಲ್ಲಿನಲ್ಲಿ ಧೂಳು ತಿಂದ ಎಂಟು ತಿಂಗಳಿಗೆ ಬೆಲೆ ಹೆಚ್ಚು.

ಸರ್ಟಿಫಿಕೇಟ್ ಬೇಕೆಂದರೆ ಹುದ್ದೆ ಕೇಳುವಂಥದನ್ನೇ ಮಾಡಿ. ಎಲೆಕ್ಟ್ರಿಕಲ್‌ನವರಿಗೆ ವೈರ್‌ಮನ್ ಪರ್ಮಿಟ್, ಬಾಯ್ಲರ್ ಇರುವ ಕಡೆ ಬಾಯ್ಲರ್ ಅಟೆಂಡೆಂಟ್ ಸರ್ಟಿಫಿಕೇಟ್, ಅಕೌಂಟ್ಸ್‌ನವರಿಗೆ ಟ್ಯಾಲಿ ಮತ್ತು ಜಿಎಸ್‌ಟಿ ರಿಟರ್ನ್ ಕೈಯಾರೆ ಹಾಕಿದ ಅನುಭವ. ಹೊಳೆಯುವ ಅಕ್ಷರದ ಮೂರು ದಿನದ ಆನ್‌ಲೈನ್ ಕೋರ್ಸುಗಳನ್ನು ಹತ್ತು ಜೋಡಿಸಿದರೆ ನಾವು ಪುಟ ತಿರುವುತ್ತೇವೆ, ಅಷ್ಟೇ.

ಅದೇ ಕಾರ್ಖಾನೆಯೊಳಗೆ ಕಂಟ್ರಾಕ್ಟರ್ ಕೈಕೆಳಗೆ ಹೋಗುವುದೂ ಒಂದು ದಾರಿ. ಗೇಟ್ ಪಾಸ್ ಸಿಗುತ್ತದೆ, ಸೇಫ್ಟಿ ತರಬೇತಿ ಆಗುತ್ತದೆ, ಶಿಫ್ಟ್ ಎಂಜಿನಿಯರ್ ನಿಮ್ಮ ಕೆಲಸ ನೋಡುತ್ತಾರೆ. ಆದರೆ ನೀವು ಕಂಪನಿಯ ಸ್ವಂತ ನೌಕರರ ಪಟ್ಟಿಯಲ್ಲಿ ಇರುವುದಿಲ್ಲ, ಮುಂದೆ ಕಾಯಂ ಮಾಡುತ್ತಾರೆ ಎಂಬ ಬಾಯಿಮಾತಿಗೆ ಕಾಗದದ ಬಲವಿಲ್ಲ. ಸೇರುವಾಗಲೇ ಪಿಎಫ್ ಕಟ್ಟುತ್ತಾರಾ ಕೇಳಿ. ಪಿಎಫ್‌ಗೆ ಪಗಾರದ ಮೂಲವೇತನ ಮತ್ತು ಡಿಎಯ ಶೇ 12 ಹಿಡಿಯುತ್ತಾರೆ, ಅಷ್ಟೇ ಹಣವನ್ನು ಮಾಲೀಕರೂ ಹಾಕಬೇಕು. ಹಿಡಿದ ಹಣ ಜಮೆ ಆಯಿತೋ ಇಲ್ಲವೋ ಪಾಸ್‌ಬುಕ್‌ನಲ್ಲಿ ತಿಂಗಳು ತಿಂಗಳು ನೋಡಿಕೊಳ್ಳಿ. ನಾಳೆ ಅನುಭವ ತೋರಿಸಬೇಕಾದಾಗ ಕಂಟ್ರಾಕ್ಟರ್ ಫೋನ್ ಎತ್ತದಿದ್ದರೂ ಪಾಸ್‌ಬುಕ್ ನಿಮ್ಮ ಪರ ಮಾತಾಡುತ್ತದೆ.

ಪೋರ್ಟಲ್ ಮತ್ತು ರೆಸ್ಯೂಮೆ

ಹೊಸ ಇಮೇಲ್, ಹೊಸ ಮೊಬೈಲ್ ನಂಬರ್ ಹಾಕಿ ಹೊಸ ಮನುಷ್ಯನಂತೆ ನಟಿಸಬೇಡಿ. ಹೆಸರು, ಹುಟ್ಟಿದ ತಾರೀಖು ಹೊಂದಿಕೆಯಾದರೆ ಸಿಕ್ಕಿಬೀಳುತ್ತೀರಿ, ಆಮೇಲೆ ನಿಜ ಹೇಳಿದರೂ ಯಾರೂ ನಂಬುವುದಿಲ್ಲ. ಹಳೆಯ ಲಾಗಿನ್‌ನಲ್ಲೇ ಹೋಗಿ ಪ್ರೊಫೈಲ್ ತಿದ್ದಿ. ಪಾಸ್‌ವರ್ಡ್ ಮರೆತಿದ್ದರೆ ರೀಸೆಟ್ ಮಾಡಿ. ಮೊದಲ ಸಲ ಸೈಬರ್ ಸೆಂಟರಿನವರ ಇಮೇಲ್ ಹಾಕಿಸಿದ್ದರೆ (ನಮ್ಮಲ್ಲಿ ಅರ್ಧ ಮಂದಿಯ ಕತೆ ಇದೇ) ಅಲ್ಲಿಗೆ ಹೋಗಿ ಅದನ್ನು ನಿಮ್ಮ ಸ್ವಂತ ಇಮೇಲ್‌ಗೆ ಬದಲಿಸಿಕೊಳ್ಳಿ. ಇಂಟರ್‌ವ್ಯೂ ಕರೆ ಅಂಗಡಿಯವನ ಇನ್‌ಬಾಕ್ಸಿನಲ್ಲಿ ಕೊಳೆತದ್ದನ್ನು ನಾನೇ ಕಂಡಿದ್ದೇನೆ.

ತಾರೀಖುಗಳು ಎರಡೂ ಅರ್ಜಿಯಲ್ಲಿ ಒಂದೇ ಇರಲಿ. ಹೋದ ಸಲ ಹತ್ತು ತಿಂಗಳು ಅಂದ ಅನುಭವ ಈ ಸಲ ಎರಡು ವರ್ಷ ಆಗಿದ್ದರೆ ಸಿಕ್ಕಿಬೀಳುತ್ತೀರಿ; ಯುಎಎನ್ ಅನ್ನುವ ನಿಮ್ಮ ಪಿಎಫ್ ನಂಬರಿನಲ್ಲಿ ಯಾವ ಕಂಪನಿಗೆ ಯಾವಾಗ ಸೇರಿದಿರಿ, ಯಾವಾಗ ಬಿಟ್ಟಿರಿ ಎಲ್ಲ ಇರುತ್ತದೆ. ಮೊದಲ ಅರ್ಜಿಯಲ್ಲೇ ತಪ್ಪಾಗಿದ್ದರೆ ಈಗ ಸರಿಯಾದದ್ದು ಬರೆದು, ಹಿಂದೆ ತಪ್ಪು ನಮೂದಾಗಿತ್ತು ಅಂತ ಒಂದು ಮಾತು ಸೇರಿಸಿ.

ರೆಸ್ಯೂಮೆಯ ಮೇಲ್ಭಾಗದಲ್ಲಿ, ಹೆಸರಿನ ಕೆಳಗೇ, ಬದಲಾದದ್ದು ಕಾಣಬೇಕು. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಝೆರಾಕ್ಸ್ ಅಂಗಡಿಗಳಲ್ಲಿ ಹಳೆಯ ಫೈಲ್ ತೆಗೆದು ತಾರೀಖು ಮಾತ್ರ ಬದಲಿಸಿ ಪ್ರಿಂಟ್ ಹೊಡೆಸುವವರನ್ನು ದಿನವೂ ನೋಡಬಹುದು. ಅಪ್ಪನ ಹೆಸರು, ಹವ್ಯಾಸ, ‘ಮೇಲಿನ ವಿವರಗಳೆಲ್ಲ ಸತ್ಯ’ ಎಂಬ ಘೋಷಣೆ, ಎಲ್ಲ ಇದ್ದಲ್ಲೇ ಇರುತ್ತವೆ.

ಇನ್ನೊಂದು ಮಾತು. ಖಾಸಗಿ ಕಂಪನಿಯ ಅರ್ಜಿಗೆ 371(ಜೆ), ಅಂದರೆ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನ ಕೊಟ್ಟ ವಿಶೇಷ ಮೀಸಲಾತಿಯ ಅರ್ಹತಾ ಪ್ರಮಾಣಪತ್ರ ಜೋಡಿಸಿ, ಮೀಸಲಾತಿ ಇದ್ದೂ ತೊಗೊಳ್ಳಲಿಲ್ಲ ಅಂತ ಬರೆಯುವವರಿದ್ದಾರೆ. ಆ ಮೀಸಲಾತಿ ಸರ್ಕಾರಿ ನೇಮಕಾತಿ ಮತ್ತು ಶಿಕ್ಷಣದ ಸೀಟುಗಳಿಗೆ. ಖಾಸಗಿ ಕಾರ್ಖಾನೆಯವರ ಮುಂದೆ ಅದನ್ನು ಹಿಡಿದರೆ ಕೆಲಸಕ್ಕೆ ಬಾರದು. ಸ್ಥಳೀಯರು ಎಂಬುದನ್ನು ಬೇರೆ ಥರ ಹೇಳಿ: ಮನೆ ಇಲ್ಲೇ ಇದೆ, ರಾತ್ರಿ ಪಾಳಿಗೆ ಕರೆದರೂ ಅರ್ಧ ತಾಸಿನಲ್ಲಿ ಗೇಟಿನಲ್ಲಿರುತ್ತೇನೆ. ಇದು ಅವರಿಗೆ ನಿಜವಾಗಿ ಬೇಕಾದ ಮಾತು.

ಪತ್ರ ಹೀಗಿರಲಿ

ಇಮೇಲನ್ನು ಇಂಗ್ಲಿಷಿನಲ್ಲಿ ಬರೆಯಬೇಕಾಗಬಹುದು. ಆದರೆ ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ. ಕನ್ನಡದಲ್ಲಿ ಬರೆಯುವಾಗ ಪೊಳ್ಳು ಮಾತು ನಮಗೇ ಕಿವಿಗೆ ಬಡಿಯುತ್ತದೆ. ನಾನು ಕಳಿಸಿದ್ದು ಹೆಚ್ಚುಕಡಿಮೆ ಹೀಗಿತ್ತು:

“ಮಾನ್ಯರೇ, ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಹುದ್ದೆಗೆ ಎಂಟು ತಿಂಗಳ ಹಿಂದೆ ತಮ್ಮಲ್ಲಿ ಇಂಟರ್‌ವ್ಯೂಗೆ ಬಂದಿದ್ದೆ, ಆಯ್ಕೆಯಾಗಲಿಲ್ಲ. ಸಿಗ್ನಲ್ ಲೂಪ್ ಮತ್ತು ಕ್ಯಾಲಿಬ್ರೇಷನ್ ಪ್ರಶ್ನೆಗಳಿಗೆ ಆಗ ಸರಿಯಾಗಿ ಉತ್ತರಿಸಿರಲಿಲ್ಲ. ಅಲ್ಲಿಂದೀಚೆ ದಾಲ್ ಮಿಲ್ ಒಂದರಲ್ಲಿ ಕಲರ್ ಸಾರ್ಟರ್ ಮತ್ತು ಕಂಪ್ರೆಸರ್‌ಗಳ ನಿರ್ವಹಣೆ ನೋಡಿಕೊಳ್ಳುತ್ತಿದ್ದೇನೆ. ಸರಿಪಡಿಸಿದ ದೋಷಗಳ ದಾಖಲೆ ಇಟ್ಟಿದ್ದೇನೆ. ಈಗ ಪ್ರಕಟವಾದ ಅದೇ ಹುದ್ದೆಗೆ ಮತ್ತೆ ಅರ್ಜಿ ಹಾಕಿದ್ದೇನೆ. ಅವಕಾಶ ಕೊಟ್ಟರೆ ದಾಖಲೆ ಸಮೇತ ಬರುತ್ತೇನೆ.”

ಐದಾರು ಸಾಲು. ಬಡತನ ಹೇಳಲಿಲ್ಲ, ತಂಗಿಯ ಮದುವೆ ಹೇಳಲಿಲ್ಲ. ಅವೆಲ್ಲ ಸುಳ್ಳು ಅಂತಲ್ಲ. ಅರ್ಜಿ ಹಾಕಿದ ಪ್ರತಿಯೊಬ್ಬರ ಮನೆಯಲ್ಲೂ ಅವು ಇವೆ, ಓದುವವರಿಗೆ ಅದರಿಂದ ಆರಿಸಲು ಬರುವುದಿಲ್ಲ. ಹುದ್ದೆಯ ಸಂಖ್ಯೆ, ಹಳೆಯ ಇಂಟರ್‌ವ್ಯೂ ತಾರೀಖು ಸರಿಯಾಗಿ ಹಾಕಿ. ಜಾಹೀರಾತನ್ನು ಕೂಡಲೇ ಪಿಡಿಎಫ್ ಮಾಡಿಟ್ಟುಕೊಳ್ಳಿ, ಕೊನೆಯ ದಿನ ಮುಗಿದ ಮೇಲೆ ಪೋರ್ಟಲ್‌ನಿಂದ ಅದು ಮಾಯವಾಗುತ್ತದೆ.

ಒಳಗೆ ಪರಿಚಯದವರಿದ್ದರೆ ಅವರಿಂದ ಹೇಳಿಸಬಹುದೇ? ಹೇಳಿಸಿ, ತಪ್ಪಿಲ್ಲ. ಆದರೆ ನಿಮ್ಮ ಕೆಲಸ ಕಣ್ಣಾರೆ ಕಂಡ ವೆಲ್ಡರ್ ಒಬ್ಬನ ಮಾತು, ನಿಮ್ಮ ಕೆಲಸ ನೋಡಿಯೇ ಇರದ ಮುಖಂಡರ ಶಿಫಾರಸು ಪತ್ರಕ್ಕಿಂತ ಮೇಲು. ಆ ಲೆಟರ್‌ಹೆಡ್‌ಗಳು ನಮ್ಮ ಟೇಬಲ್ಲಿಗೆ ಕಟ್ಟು ಕಟ್ಟಾಗಿ ಬರುತ್ತವೆ.

“ಏನಪಾ, ನೀ ಹೋದ ಸಲನೂ ಬಂದಿದ್ದೆಲ್ಲ?”

ಈ ಪ್ರಶ್ನೆ ಬರುತ್ತದೆ. ನನ್ನ ಎದುರಿಗೆ ಮತ್ತೆ ಅದೇ ದಪ್ಪ ಕನ್ನಡಕದವರೇ ಕೂತಿದ್ದರು. ತಲೆ ತಗ್ಗಿಸುವುದು, ‘ಆ ದಿನ ಜ್ವರ ಇತ್ತು ಸರ್’ ಅನ್ನುವುದು, ಎರಡೂ ಬೇಡ. ನಾನು, “ಹೌದ್ರಿ ಸರ್, ಬಂದಿದ್ದೆ. ಎಂಟು ಮಿಲಿಆಂಪ್‌ಗೆ ಐವತ್ತು ಪರ್ಸೆಂಟ್ ಅಂದಿದ್ದೆ. ಇಪ್ಪತ್ತೈದು ಅದ” ಅಂದೆ. ಅವರು ನಗಲಿಲ್ಲ. ನೋಟ್‌ಬುಕ್ ತೊಗೊಂಡು ನಾಲ್ಕೈದು ಪುಟ ತಿರುವಿದರು, ವೈಪರ್ ಪೈಪಿನ ಪುಟದಲ್ಲಿ ನಿಂತು, ಪೈಪ್ ಬಿಚ್ಚಿಕೊಂಡದ್ದು ಹೇಗೆ ಗೊತ್ತಾಯಿತು ಅಂತ ಕೇಳಿದರು. ಉಳಿದ ಇಂಟರ್‌ವ್ಯೂ ಪೂರ್ತಿ ಬೇಳೆಯ ಧೂಳಿನ ಸುತ್ತಲೇ ನಡೆಯಿತು.

ಹಳೆಯ ಪ್ರಶ್ನೆಗಳನ್ನೇ ಬಾಯಿಪಾಠ ಮಾಡಿ ಹೋಗುವವರು ಎರಡನೇ ಹೆಜ್ಜೆಯಲ್ಲಿ ಮುಗ್ಗರಿಸುತ್ತಾರೆ. ಇಪ್ಪತ್ತೈದು ಅಂದ ಕೂಡಲೇ “ಹಾಗಾದ್ರೆ ಹದಿನೈದು ಮಿಲಿಆಂಪ್‌ಗೆ?” ಅಂತ ಕೇಳುತ್ತೇವೆ. ಲೆಕ್ಕ ಹಾಕುವ ರೀತಿ ಗೊತ್ತಿದ್ದವನು ಮಾತ್ರ ಅರುವತ್ತೆಂಟು ಮುಕ್ಕಾಲು ಅನ್ನುತ್ತಾನೆ.

ದುಡ್ಡು ಕೇಳಿದರೆ

ರಿಜೆಕ್ಟ್ ಆದವರಿಗೆ ಕೆಲವು ದಿನಗಳಲ್ಲಿ ಒಂದು ಫೋನ್ ಬರುವುದುಂಟು: ನಿಮ್ಮ ಹೆಸರು ಎರಡನೇ ಲಿಸ್ಟ್‌ನಲ್ಲಿದೆ, ಟ್ರೈನಿಂಗ್ ಡಿಪಾಸಿಟ್ ಅಂತ ಇಷ್ಟು ಕಳಿಸಿ. ಕೆಲಸ ಕೊಡುವ ಕಂಪನಿ ನಿಮ್ಮಿಂದ ದುಡ್ಡು ಕೇಳುವುದಿಲ್ಲ. ಕಂಪನಿಯ ವೆಬ್‌ಸೈಟಿನಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ. ಆಗಲೇ ಕಳಿಸಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ದುಡ್ಡು ಖಾತೆಯಿಂದ ಖಾತೆಗೆ ದಾಟಿಬಿಡುತ್ತದೆ.

ಎರಡನೇ ಸಲವೂ ಬೇಡ ಅಂದರೆ

ಒಂದೇ ಕಂಪನಿಗೆ ಒಂದೇ ಹುದ್ದೆಗೆ ಮೂರನೇ ಸಲ ಹೋಗುವ ಮುಂಚೆ ನಾನಾದರೆ ಹುದ್ದೆಯನ್ನೋ ಕಂಪನಿಯನ್ನೋ ಬದಲಿಸುತ್ತೇನೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸುತ್ತ ಸಿಮೆಂಟ್ ಕಾರ್ಖಾನೆ ಒಂದೇ ಇಲ್ಲ. ಆ ಕಾರ್ಖಾನೆಗಳಿಗೆ ಮಷಿನ್ ಪೂರೈಸುವವರು, ಅವುಗಳ ಸರ್ವಿಸ್ ನೋಡಿಕೊಳ್ಳುವ ಏಜೆನ್ಸಿಯವರಿಗೂ ಜನ ಬೇಕು. ಅಲ್ಲಿ ಸೇರಿದರೆ ಅದೇ ಗೇಟಿನೊಳಗೆ ಟೂಲ್ ಬ್ಯಾಗ್ ಹಿಡಿದು ಹೋಗುತ್ತೀರಿ, ಆ ಕಡೆಯವರೇ ಚಹಾ ಕೊಡಿಸುತ್ತಾರೆ.

ಫಲಿತಾಂಶ ಏನೇ ಆಗಲಿ, ಎರಡನೇ ಇಂಟರ್‌ವ್ಯೂ ಮುಗಿಸಿ ಬಸ್ ಹತ್ತಿದಾಗಲೂ ಪೆನ್ ಜೇಬಿನಲ್ಲಿರಲಿ. ಕಿಟಕಿ ಪಕ್ಕದ ಸೀಟು ಹಿಡಿದು, ಕಲಬುರಗಿ ದಾರಿಯ ಮಳಖೇಡ ಬರುವುದರೊಳಗೆ ಪ್ರಶ್ನೆಗಳನ್ನೆಲ್ಲ ಬರೆದು ಮುಗಿಸಿ. ಅಲ್ಲಿಂದಾಚೆ ಬಸ್ ತುಂಬಿ ಯಾರಾದರೂ ತೊಡೆಯ ಮೇಲೆ ಚೀಲ ಇಡುತ್ತಾರೆ.